ದೊಡ್ಡ ಸ್ಪೀಕರು, ಬಡಪಾಯಿ ಆಲ್ಟರ್ನೇಟರು

ಅಮೇರಿಕದ ದಕ್ಷಿಣದ ರಾಜ್ಯಗಳಲ್ಲಿ ಇರೋರಿಗೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ. ಸಿಗ್ನಲ್‌ನಲ್ಲಿ ನಿಂತಿರ್ತೀರಿ, ಕಿಟಕಿ ಎಲ್ಲಾ ಏರಿಸಿ ಏಸಿ ಹಾಕಿರ್ತೀರಿ. ಹಿಂದಿನಿಂದ ಒಂದು ಪಿಕಪ್ ಟ್ರಕ್ಕು ಬಂದು ಪಕ್ಕದ ಲೇನಿನಲ್ಲಿ ನಿಲ್ಲತ್ತೆ. ಹಾಡು ಯಾವುದು ಅಂತ ಗೊತ್ತಾಗಲ್ಲ, ಯಾವ ಭಾಷೆಯದು ಅಂತಾನೂ ಗೊತ್ತಾಗಲ್ಲ. ಆದ್ರೆ ನಿಮ್ಮ ಕಾರಿನ ಕನ್ನಡಿ ನಡುಗತ್ತೆ, ಕಪ್ ಹೋಲ್ಡರಿನಲ್ಲಿರೋ ಕಾಫಿಯಲ್ಲಿ ಉಂಗುರ ಏಳತ್ತೆ, ಎದೆಗೂಡಿನ ಒಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಧಂ... ಧಂ... ನಮ್ಮಂಥೋರು 'ಈ ಹುಡುಗರಿಗೆ ಬೇರೆ ಕೆಲಸ ಇಲ್ವಾ' ಅಂತ ಗೊಣಗಿಕೊಂಡು ಹಸಿರು ದೀಪಕ್ಕೆ ಕಾಯ್ತೀವಿ.

ಮುಂದಿನ ಸಲ ರಾತ್ರಿ ಹೊತ್ತು ಹಾಗೆ ಒಂದು ಟ್ರಕ್ಕು ಪಕ್ಕದಲ್ಲಿ ನಿಂತರೆ, ಗೊಣಗೋದರ ಜೊತೆಗೆ ಅದರ ಹೆಡ್‌ಲೈಟನ್ನೂ ಒಂದು ಸಲ ನೋಡಿ. ಪ್ರತಿ 'ಧಂ'ಗೂ ದೀಪ ಕಣ್ಣು ಮಿಟುಕಿಸ್ತಾ ಇದ್ರೆ ಆ ಟ್ರಕ್ಕಿನ ಕರೆಂಟಿನ ಜಮಾ-ಖರ್ಚು ತಾಳೆ ಆಗ್ತಾ ಇಲ್ಲ ಅಂತ ಅರ್ಥ. ನಮ್ಮೂರಲ್ಲಿ ಎಲ್ಲರೂ ಒಟ್ಟಿಗೇ ಪಂಪ್‌ಸೆಟ್ ಹಾಕಿದಾಗ ಮನೆಯ ಬಲ್ಬು ಮಿಣುಕು ಹುಳದ ಹಾಗೆ ಆಗ್ತಿತ್ತಲ್ಲ, ಅದೇ ಕಥೆ ಇದು. ಅಲ್ಲಿ ಟಿಸಿ ಚಿಕ್ಕದು, ಇಲ್ಲಿ ಆಲ್ಟರ್ನೇಟರು ಚಿಕ್ಕದು, ಅಷ್ಟೇ ವ್ಯತ್ಯಾಸ.

ಈ ವಿಷಯಕ್ಕೆ ನಾನು ಬಿದ್ದಿದ್ದು ಗೆಳೆಯರೊಬ್ಬರ ಫೋನಿನಿಂದ. ಅವರ ಮಗನಿಗೆ ಹತ್ತೊಂಬತ್ತು ವರ್ಷ, ಕಾಲೇಜಿನ ಜೊತೆಗೆ ರಾತ್ರಿ ಪಾಳಿಯಲ್ಲಿ ಒಂದು ಗೋಡೌನಿನಲ್ಲಿ ಕೆಲಸ. ಸ್ವಂತ ದುಡ್ಡಿನಲ್ಲಿ 2008ರ ಒಂದು ಶೆವ್ರೊಲೆ ಸಿಲ್ವೆರಾಡೊ ತಗೊಂಡಿದ್ದಾನೆ, ಅದಕ್ಕೆ 2000 ವಾಟಿನ ಆಂಪ್ಲಿಫೈಯರು, ಹನ್ನೆರಡು ಇಂಚಿನ ಎರಡು ಸಬ್‌ವೂಫರು ಹಾಕಿಸಿದ್ದಾನೆ. ಒಂದು ತಿಂಗಳಲ್ಲಿ ಎರಡು ಸಲ, ಬೆಳಗಿನ ಜಾವ ಎರಡು ಗಂಟೆಗೆ, ಮನೆಯಿಂದ ನಲವತ್ತು ಮೈಲಿ ದೂರದ ಪಾರ್ಕಿಂಗ್ ಲಾಟಿನಲ್ಲಿ ಟ್ರಕ್ಕು ಸ್ಟಾರ್ಟೇ ಆಗಿಲ್ಲ. ಅಪ್ಪ ಎದ್ದು ಜಂಪರ್ ಕೇಬಲ್ ಹಿಡಿದು ಓಡಿದ್ದಾರೆ. "ಅದನ್ನ ಕಿತ್ತು ಬಿಸಾಕು ಅಂದ್ರೆ ಮಾತೇ ಆಡೋದಿಲ್ಲ ಮಾರಾಯ. ನೀನು ಎಲೆಕ್ಟ್ರಿಕಲ್ ಓದಿದವನು, ನೀನಾದ್ರೂ ಹೇಳು" ಅಂದ್ರು. ಅಪ್ಪ-ಮಗನ ನಡುವೆ ಮಾತು ನಿಂತು ಎರಡು ವಾರ ಆಗಿತ್ತಂತೆ. ಇಂಥ ಪಂಚಾಯ್ತಿಗೆ ಹೋಗೋದು ನನಗಿಷ್ಟ ಇಲ್ಲ, ಆದ್ರೆ ಮಲ್ಟಿಮೀಟರ್ ಹಿಡಕೊಂಡು ಹೋಗೋದು ಇಷ್ಟ!

ಹುಡುಗನದು ಒಂದೇ ಪ್ರಶ್ನೆ. "ಅಂಕಲ್, ನಾನು ಇಂಜಿನ್ ಆಫ್ ಮಾಡಿ ಹಾಡು ಹಾಕಿದ್ದೇ ಇಲ್ಲ. ಬ್ರೇಕ್‌ನಲ್ಲೂ ಇಂಜಿನ್ ಓಡ್ತಾನೇ ಇತ್ತು. ಮತ್ತೆ ಬ್ಯಾಟರಿ ಡೌನ್ ಆಗಿದ್ದು ಹೇಗೆ?"

ಒಳ್ಳೇ ಪ್ರಶ್ನೆ. ಉತ್ತರಕ್ಕೆ ನಮ್ಮ ಕಾಲದ ಸೈಕಲ್ ಡೈನಮೋ ನೆನಪು ಮಾಡ್ಕೊಳ್ಳಿ. ಜೋರಾಗಿ ತುಳಿದರೆ ದೀಪ ಝಗ್ ಅಂತ ಉರಿಯೋದು, ದಿಬ್ಬ ಹತ್ತುವಾಗ ಮಂಕಾಗೋದು, ಇಳಿದು ತಳ್ಳಿದರೆ ಸುಮಾರಾಗಿ ಆರಿಯೇ ಹೋಗೋದು. ಟ್ರಕ್ಕಿನ ಆಲ್ಟರ್ನೇಟರು ಅದರ ದೊಡ್ಡಣ್ಣ. ಇಂಜಿನ್ನಿನ ಬೆಲ್ಟು ಅದನ್ನ ತಿರುಗಿಸತ್ತೆ, ಒಳಗಿನ ಸುರುಳಿಗಳಲ್ಲಿ ಮೂರು ಫೇಸ್ ಕರೆಂಟು ಹುಟ್ಟತ್ತೆ, ಡಯೋಡುಗಳು ಅದನ್ನ ಡಿಸಿ ಮಾಡತ್ತೆ, ರೆಗ್ಯುಲೇಟರು ವೋಲ್ಟೇಜನ್ನ ಹದಿನಾಲ್ಕರ ಆಸುಪಾಸಿನಲ್ಲಿ ಹಿಡಿದಿಡತ್ತೆ. ಅದರ ಮೇಲೆ 145 ಆಂಪ್ ಅಂತ ಬರೆದಿರತ್ತೆ ನಿಜ, ಆದ್ರೆ ಅದು ಜೋರಾಗಿ ತಿರುಗಿದಾಗಿನ ಮಾತು. ಗಾಡಿ ನಿಂತು ಇಂಜಿನ್ನು ಗುರ್ ಅಂತ ಐಡಲ್‌ನಲ್ಲಿ ಇರೋವಾಗ ಅದರ ಅರ್ಧ ಸ್ವಲ್ಪ ಹೆಚ್ಚುಕಮ್ಮಿ ಸಿಕ್ಕಿದರೆ ಪುಣ್ಯ.

ಈಗ ಲೆಕ್ಕ ಹಾಕಿ. ಐಡಲ್‌ನಲ್ಲಿ ಸಿಗೋದು 80 ಆಂಪ್ ಅಂತಿಟ್ಟುಕೊಳ್ಳೋಣ. ಫ್ಯೂಯೆಲ್ ಪಂಪು, ಇಗ್ನಿಷನ್ನು, ಹೆಡ್‌ಲೈಟು, ಏಸಿಯ ಫ್ಯಾನು, ಕಂಪ್ಯೂಟರುಗಳು ಅಂತ ಟ್ರಕ್ಕಿನ ಸಂಸಾರಕ್ಕೇ ಐವತ್ತು ಹೋಯ್ತು. ಉಳಿದಿದ್ದು ಮೂವತ್ತು. ಆಂಪ್ಲಿಫೈಯರು? 2000 ವಾಟು ಹೊರಗೆ ಬರಬೇಕಾದರೆ, ನೂರಕ್ಕೆ ಎಂಬತ್ತರಷ್ಟು ದಕ್ಷತೆಯ ಡಿ ಕ್ಲಾಸ್ ಆದ್ರೂ 2500 ವಾಟು ಒಳಗೆ ಹೋಗಬೇಕು. 13.8 ವೋಲ್ಟಿಗೆ ಅದು 181 ಆಂಪ್! ಸಂಗೀತದಲ್ಲಿ ಎಲ್ಲ ಕ್ಷಣವೂ ಪೂರ್ತಿ ಪವರ್ ಬೇಕಾಗಲ್ಲ, ಸರಾಸರಿ ಮೂರನೇ ಒಂದು ಭಾಗ ಅಂದ್ರೂ ಅರವತ್ತು. ಅಂದ್ರೆ ಇಂಜಿನ್ನು ಓಡ್ತಾ ಇದ್ದಾಗಲೂ ಮೂವತ್ತು ಆಂಪ್ ಕೊರತೆ, ಅದು ಬ್ಯಾಟರಿಯಿಂದಲೇ ಹೋಗಬೇಕು. ಬ್ಯಾಟರಿಯದು 70 ಆಂಪ್-ಅವರ್ ಇದ್ರೆ, ಪಾಳಿ ಶುರುವಾಗೋ ಮುಂಚೆ ಅರ್ಧ ಗಂಟೆ, ಊಟದ ಬ್ರೇಕಿನಲ್ಲಿ ಅರ್ಧ ಗಂಟೆ ಕೂತು ಹಾಡು ಕೇಳಿದರೆ ಸುಮಾರು ಅರ್ಧ ಖಾಲಿ. ದಾರಿಯಲ್ಲಿ ತುಂಬಿಕೊಳ್ಳತ್ತೆ ಅನ್ನೋಣ ಅಂದ್ರೆ ದಾರಿಯಲ್ಲೂ ಧಂ ಧಂ. ಲೆಕ್ಕದ ಹಾಳೆ ನೋಡಿ ಹುಡುಗ ಸುಮ್ಮನಾದ. ಅಪ್ಪ 'ನಾನು ಹೇಳಿರಲಿಲ್ವಾ' ಅನ್ನೋ ಮುಖ ಮಾಡಿದ್ರು, ಪಾಪ, ಅವರು ಹೇಳಿದ್ದು ಇದಾಗಿರಲಿಲ್ಲ.

ಇಷ್ಟೊಂದು ಕರೆಂಟು ಈ ತಗ್ಗಿನ ಸ್ವರಗಳಿಗೆ ಯಾಕೆ ಬೇಕು ಅನ್ನೋದೇ ನನಗೆ ಸ್ವಾರಸ್ಯ ಅನ್ನಿಸಿದ ಭಾಗ. ನಮ್ಮ ಕಿವಿ ಮನುಷ್ಯರ ಮಾತಿಗೆ, ಮಗುವಿನ ಅಳುವಿಗೆ ಚುರುಕು. 40-50 ಹರ್ಟ್ಸ್‌ಗೆ ಬಂದರೆ ಅರ್ಧ ಕಿವುಡು. ಹಾಗಾಗಿ ಅದೇ ಜೋರು ಕೇಳಿಸಬೇಕಾದರೆ ತುಂಬಾ ಹೆಚ್ಚು ಗಾಳಿ ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಒತ್ತಡ ಹುಟ್ಟಿಸೋಕೆ ಸ್ಪೀಕರಿನ ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. ಅದರ ಮೇಲೆ ಡೆಸಿಬೆಲ್ಲಿನ ದುಬಾರಿ ಗಣಿತ. ಪವರ್ ಎರಡು ಪಟ್ಟು ಮಾಡಿದ್ರೆ ಸಿಗೋದು ಬರೀ 3 ಡೆಸಿಬೆಲ್, ಕಿವಿಗೆ 'ಓ, ಸ್ವಲ್ಪ ಜೋರಾಯ್ತು' ಅನ್ನಿಸೋವಷ್ಟು. 'ಎರಡು ಪಟ್ಟು ಜೋರು' ಅಂತ ಕಿವಿ ಒಪ್ಪಬೇಕಾದರೆ ಪವರ್ ಹತ್ತು ಪಟ್ಟು ಆಗಬೇಕು! ಇನ್ನೂರು ವಾಟಿನವನು ಎರಡು ಸಾವಿರಕ್ಕೆ, ಎರಡು ಸಾವಿರದವನು ಇಪ್ಪತ್ತು ಸಾವಿರಕ್ಕೆ ಹಾರೋದು ಹುಚ್ಚಿನಿಂದ ಮಾತ್ರ ಅಲ್ಲ, ಕಿವಿಯ ರಚನೆಯೇ ಹಾಗಿದೆ. ಜೊತೆಗೆ 1980ರಲ್ಲಿ ಬಂದ ರೋಲಾಂಡ್ ಟಿಆರ್-808 ಅನ್ನೋ ಡ್ರಮ್ ಯಂತ್ರದ ಪ್ರಭಾವ. ಅದರ ತಯಾರಿಕೆ ಕೆಲವೇ ವರ್ಷಕ್ಕೆ ನಿಂತು ಹೋಯ್ತು, ಆದ್ರೆ ಅದರ ಉದ್ದನೆಯ ಧಮ್ಮ್‌ಮ್... ಅನ್ನೋ ಪೆಟ್ಟು ಹಿಪ್‌ಹಾಪ್ ಸಂಗೀತದ ಬೆನ್ನೆಲುಬಾಗಿ ಉಳಕೊಂಡಿತು. ನಿಜವಾದ ಡ್ರಮ್ಮಿನ ಪೆಟ್ಟು ಕ್ಷಣದಲ್ಲಿ ಮುಗಿದು ಹೋಗತ್ತೆ. ಈ 808ರ ಪೆಟ್ಟು ಎಳೆದು ಎಳೆದು ನಿಲ್ಲತ್ತೆ, ಅಷ್ಟು ಹೊತ್ತೂ ಆಂಪ್ಲಿಫೈಯರು ಕರೆಂಟು ಕುಡೀತಾನೇ ಇರತ್ತೆ.

ಕಾರಿನಲ್ಲಿ ಹಾಡು ಕೇಳೋ ಆಸೆಗೂ ಕರೆಂಟಿನ ಬಡತನಕ್ಕೂ ಹಳೇ ನಂಟು. ಪಾಲ್ ಗ್ಯಾಲ್ವಿನ್ 1930ರಲ್ಲಿ ಮೋಟೊರೋಲಾ ಅಂತ ಹೆಸರಿಟ್ಟು ಕಾರ್ ರೇಡಿಯೋ ಮಾರಾಟಕ್ಕೆ ತಂದಾಗ, ಆ ಕಾಲದ ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜಿಗೆ ಕಾರಿನಲ್ಲಿ ಬೇರೆಯೇ ಬ್ಯಾಟರಿಗಳನ್ನ ಹೊತ್ತುಕೊಂಡು ಓಡಾಡಬೇಕಾಗಿತ್ತು. ಐವತ್ತರ ದಶಕದಲ್ಲಿ ಕಾರುಗಳು ಆರು ವೋಲ್ಟಿನಿಂದ ಹನ್ನೆರಡಕ್ಕೆ ಬಂದವು. 1960ರ ಕ್ರೈಸ್ಲರ್ ವೇಲಿಯಂಟಿನಲ್ಲಿ ಹಳೇ ಡಿಸಿ ಜನರೇಟರಿನ ಬದಲು ಆಲ್ಟರ್ನೇಟರು ಬಂತು, ಮುಖ್ಯ ಕಾರಣ ಅದು ಐಡಲ್‌ನಲ್ಲೂ ಒಂದಿಷ್ಟು ಕರೆಂಟು ಕೊಡತ್ತೆ ಅಂತ. ಆ 'ಒಂದಿಷ್ಟು' ಇವತ್ತಿಗೂ ಸಾಲ್ತಾ ಇಲ್ಲ!

ಇರ್ಲಿ, ಟ್ರಕ್ಕಿಗೆ ಬರೋಣ. ಮೊದಲು ಅಳತೆ. ಐಡಲ್‌ನಲ್ಲಿ ಹಾಡಿಲ್ಲದಾಗ ಬ್ಯಾಟರಿಯ ಹತ್ತಿರ 13.2 ಇತ್ತು. ಹಾಡು ಹಾಕಿ ಜೋರು ಮಾಡಿದಾಗ ಪೆಟ್ಟು ಬಿದ್ದ ಹೊತ್ತಿಗೆ 11.9. ಹಿಂದಿನ ಸೀಟಿನ ಕೆಳಗೆ ಆಂಪ್ಲಿಫೈಯರಿನ ತುದಿಯಲ್ಲಿ ಅಳೆದರೆ ಹತ್ತೂವರೆ ಚಿಲ್ಲರೆ! ನಡುವೆ ಒಂದೂ ಕಾಲು ವೋಲ್ಟಿಗೂ ಹೆಚ್ಚು ಎಲ್ಲಿ ಹೋಯ್ತು? ವೈರು ತಿಂತು. ಅವನು ಹಾಕಿಸಿದ ಕಿಟ್ಟಿನಲ್ಲಿ ಬಂದ ವೈರು ನಾಲ್ಕನೇ ಗೇಜಿನದು, ಅದೂ ಶುದ್ಧ ತಾಮ್ರ ಅಲ್ಲ, ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ. ಹೊರಗಿನಿಂದ ನೋಡಿದ್ರೆ ಹೆಬ್ಬೆರಳು ಗಾತ್ರ. ಕತ್ತರಿಸಿ ನೋಡಿದ್ರೆ ಬಹುಪಾಲು ಬರೀ ಪ್ಲಾಸ್ಟಿಕ್ಕು, ಎಳೆಯನ್ನ ಚಾಕುವಿನಿಂದ ಕೆರೆದರೆ ಬೆಳ್ಳಿ ಬಣ್ಣ. ಅಂಥ ವೈರು ಇಪ್ಪತ್ತು ಅಡಿ ಇದ್ದು 200 ಆಂಪ್ ಹರಿದರೆ ಒಂದೂವರೆ ವೋಲ್ಟು ದಾರಿಯಲ್ಲೇ ಸೋರಿ ಹೋಗತ್ತೆ, ಅಂದ್ರೆ 300 ವಾಟಿನ ಬಿಸಿ, ಕಾರ್ಪೆಟ್ಟಿನ ಕೆಳಗೆ! ಅದೇ ಉದ್ದದ, ಒಂದು-ಸೊನ್ನೆ ಅಂತ ಕರೆಯೋ 1/0 ಗೇಜಿನ ಅಸಲಿ ತಾಮ್ರ ಆದ್ರೆ ನಷ್ಟ 0.4 ವೋಲ್ಟು. ಅದರ ತಾಮ್ರದ ಅಡ್ಡಳತೆ 53 ಚದರ ಮಿಲಿಮೀಟರು, ನಮ್ಮೂರಿನ ಮನೆಗೆ ಬರೋ ಸರ್ವಿಸ್ ವೈರು ಇದರ ಮುಂದೆ ದಾರದ ಹಾಗೆ.

ವೈರಿನ ಜಾಡು ಹಿಡಕೊಂಡು ಬಾನೆಟ್ಟಿನ ಕಡೆ ಬಂದಾಗ ನನಗೆ ನಿಜಕ್ಕೂ ಗಾಬರಿ ಆಗಿದ್ದು. ಬ್ಯಾಟರಿಯ ಹತ್ತಿರ ಫ್ಯೂಸೇ ಇಲ್ಲ. ಫ್ಯೂಸನ್ನ ಹಾಕಿದ್ದು ಹಿಂದೆ, ಆಂಪ್ಲಿಫೈಯರಿನ ಪಕ್ಕ, ನೋಡೋಕೆ ಚೆಂದ ಕಾಣಲಿ ಅಂತ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿಗೆ ತೂತು ಕೊರೆದು ವೈರು ತೂರಿಸಿದ್ದಾರೆ, ತೂತಿನ ಅಂಚಿಗೆ ರಬ್ಬರ್ ಬಳೆ ಇಲ್ಲ. ಟ್ರಕ್ಕು ಅಲುಗಾಡಿದಾಗಲೆಲ್ಲ ತಗಡಿನ ಅಂಚು ಗರಗಸದ ಹಾಗೆ ವೈರಿನ ಹೊದಿಕೆಯನ್ನ ಕೊಯ್ದಿದೆ. ಟಾರ್ಚ್ ಬಿಟ್ಟು ನೋಡಿದ್ರೆ ಒಂದು ಕಡೆ ತಾಮ್ರದ ಬಣ್ಣ ಮಿಣ್ಣಗೆ ಹೊಳೀತಾ ಇತ್ತು.

ಇದರ ಅರ್ಥ ಏನು ಅಂತ ಇಬ್ಬರನ್ನೂ ಕೂರಿಸಿ ಹೇಳಿದೆ. ಫ್ಯೂಸ್ ಇರೋದು ಆಂಪ್ಲಿಫೈಯರನ್ನ ಕಾಯೋಕಲ್ಲ, ವೈರನ್ನ ಕಾಯೋಕೆ. ಟ್ರಕ್ಕಿನ ಇಡೀ ಬಾಡಿಯೇ ಬ್ಯಾಟರಿಯ ನೆಗೆಟಿವ್. ಆ ತಾಮ್ರ ತಗಡಿಗೆ ತಾಗಿದ ಕ್ಷಣ ಬ್ಯಾಟರಿಯ ಎರಡು ತುದಿ ನೇರ ಸೇರಿದ ಹಾಗೆ. ಟ್ರಕ್ಕಿನ ಬ್ಯಾಟರಿ ಹಾಗೆ ಶಾರ್ಟ್ ಆದಾಗ ಸಾವಿರ ಆಂಪ್‌ಗೂ ಮೇಲೆ ಕೊಡಬಲ್ಲದು. ಹಿಂದೆ ಇರೋ ಫ್ಯೂಸಿಗೆ ಸುದ್ದಿಯೇ ಮುಟ್ಟಲ್ಲ, ಯಾಕಂದ್ರೆ ಕರೆಂಟು ಅಲ್ಲಿವರೆಗೂ ಹೋಗೋದೇ ಇಲ್ಲ. ವೈರು ಕೆಂಪಗೆ ಕಾದು, ಪ್ಲಾಸ್ಟಿಕ್ಕು ಹತ್ತಿಕೊಂಡು, ಡ್ರೈವರ್ ಕಾಲಿನ ಹತ್ರವೇ ಬೆಂಕಿ. ಬ್ಯಾಟರಿಯಿಂದ ಹದಿನೆಂಟು ಇಂಚಿನ ಒಳಗೆ ಫ್ಯೂಸ್ ಇರಬೇಕು ಅನ್ನೋದು ಈ ಕೆಲಸದಲ್ಲಿ ಇರೋರೆಲ್ಲ ಬಾಯಿಪಾಠ ಹೇಳೋ ನಿಯಮ. ಹಾಕಿಕೊಟ್ಟ ಅಂಗಡಿಯವರ ಹೆಸರು ಇಲ್ಲಿ ಬೇಡ, ಹುಡುಗ ಅಲ್ಲಿಗೆ ಮತ್ತೆ ಹೋಗಲ್ಲ. ಅವನಪ್ಪ ಆವತ್ತು ಮೊದಲ ಸಲ ದನಿ ತಗ್ಗಿಸಿ ಕೇಳಿದ್ರು, "ಸರಿಯಾಗಿ ಮಾಡೋಕೆ ಎಷ್ಟಾಗತ್ತೆ?" ಕಿತ್ತು ಬಿಸಾಕು ಅನ್ನೋ ಮಾತು ಅಲ್ಲಿಗೆ ನಿಂತಿತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಹಳೇ ವೈರು ಪೂರ್ತಿ ಎಳೆದು ಹಾಕಿ, ಎರಡು ಭಾನುವಾರ ಕೆಲಸ ಮಾಡಿದ್ವಿ. ಇಲ್ಲಿನವರು 'ಬಿಗ್ ತ್ರೀ' ಅಂತ ಕರೆಯೋದೊಂದಿದೆ: ಆಲ್ಟರ್ನೇಟರಿನಿಂದ ಬ್ಯಾಟರಿ ಪಾಸಿಟಿವ್‌ಗೆ, ಬ್ಯಾಟರಿ ನೆಗೆಟಿವ್‌ನಿಂದ ಚಾಸಿಗೆ, ಇಂಜಿನ್ ಬ್ಲಾಕಿನಿಂದ ಚಾಸಿಗೆ, ಈ ಮೂರು ಜಾಗದಲ್ಲಿ ಫ್ಯಾಕ್ಟರಿಯ ವೈರಿನ ಜೊತೆಗೆ ದಪ್ಪ ವೈರು ಸೇರಿಸೋದು. ಜನ ಪಾಸಿಟಿವ್ ಕಡೆ ದುಡ್ಡು ಸುರೀತಾರೆ, ಅರ್ಥಿಂಗ್ ಕಡೆ ತಲೆ ಹಾಕಲ್ಲ. ಹೋದ ಕರೆಂಟು ಅಷ್ಟೂ ವಾಪಸ್ ಬರಬೇಕಲ್ಲ! ಚಾಸಿಯ ಪೇಂಟು ಕೆರೆದು ಬರೀ ಲೋಹ ಕಾಣಿಸೋ ಹಾಗೆ ಮಾಡಿ ಬೋಲ್ಟು ಬಿಗಿಯಬೇಕು, ಆಮೇಲೆ ತುಕ್ಕು ಹಿಡಿಯದ ಹಾಗೆ ಮೇಲೆ ಬಣ್ಣ.

ಈ ಟ್ರಕ್ಕಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬ್ಯಾಟರಿಯ ನೆಗೆಟಿವ್ ವೈರಿಗೆ ಬಳೆಯ ಹಾಗೆ ಒಂದು ಸೆನ್ಸರ್ ಇರತ್ತೆ. ಬ್ಯಾಟರಿಗೆ ಎಷ್ಟು ಕರೆಂಟು ಹೋಗ್ತಾ ಇದೆ, ಬರ್ತಾ ಇದೆ ಅಂತ ಅದು ಕಂಪ್ಯೂಟರಿಗೆ ವರದಿ ಒಪ್ಪಿಸತ್ತೆ, ಬ್ಯಾಟರಿ ತುಂಬಿದೆ ಅನ್ನಿಸಿದರೆ ಕಂಪ್ಯೂಟರು ಪೆಟ್ರೋಲ್ ಉಳಿಸೋಕೆ ವೋಲ್ಟೇಜ್ ಇಳಿಸತ್ತೆ. ನಾವು ಹದಿಮೂರು ಚಿಲ್ಲರೆ ನೋಡಿದ್ದು ಅದಕ್ಕೇ. ಹೊಸ ನೆಗೆಟಿವ್ ವೈರನ್ನೂ ಆ ಬಳೆಯ ಒಳಗಿಂದಲೇ ತೂರಿಸಬೇಕು. ಹೊರಗಿನಿಂದ ಎಳೆದರೆ ಸೆನ್ಸರಿಗೆ ಅರ್ಧ ಲೆಕ್ಕ ಕಾಣಿಸಿ ಕಂಪ್ಯೂಟರು ತಪ್ಪು ತೀರ್ಮಾನಕ್ಕೆ ಬರತ್ತೆ. ಹೆಡ್‌ಲೈಟ್ ಹಾಕಿದರೆ, ಅಥವಾ ಟ್ರೈಲರ್ ಎಳೆಯೋಕೆ ಅಂತ ಕೊಟ್ಟಿರೋ ಟೋ-ಹಾಲ್ ಬಟನ್ ಒತ್ತಿದರೆ ವೋಲ್ಟೇಜ್ ಮತ್ತೆ ಮೇಲೇರತ್ತೆ ಅನ್ನೋದು ಈ ಟ್ರಕ್ಕಿನವರಿಗೆಲ್ಲ ಗೊತ್ತಿರೋ ಉಪಾಯ.

ಆಲ್ಟರ್ನೇಟರ್ ಬದಲಾಯಿಸೋದು ನಾನು ಅಂದುಕೊಂಡಿದ್ದಕ್ಕಿಂತ ಸುಲಭ. ಇಂಜಿನ್ನಿನ ಮೇಲ್ಗಡೆಯೇ ಕೂತಿರತ್ತೆ. ಬೆಲ್ಟ್ ಸಡಿಲಿಸಿ, ಬೋಲ್ಟು ಬಿಚ್ಚಿ, ಹಿಂದಿನ ವೈರು ತೆಗೆದರೆ ಕೈಗೆ ಬಂತು. ಹೊಸದು 320 ಆಂಪಿನದು, ಐನೂರು ಡಾಲರಿನ ಹತ್ತಿರ. ಕೊಳ್ಳುವಾಗ ನೋಡಬೇಕಾದ್ದು ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಅಲ್ಲ, ಐಡಲ್‌ನಲ್ಲಿ ಎಷ್ಟು ಕೊಡತ್ತೆ ಅನ್ನೋದು. ಅದನ್ನ ಪರೀಕ್ಷಿಸಿದ ಚೀಟಿ ಕೊಡದೇ ಇರೋರ ಹತ್ರ ತಗೋಬೇಡಿ. ಮತ್ತೆ ಈ ಕರೆಂಟು ಪುಕ್ಕಟೆ ಅಂತ ತಿಳೀಬೇಡಿ. 300 ಆಂಪ್ ಹದಿನಾಲ್ಕು ವೋಲ್ಟಿನಲ್ಲಿ ಅಂದ್ರೆ 4200 ವಾಟು. ನೂರಕ್ಕೆ ಅರವತ್ತರ ದಕ್ಷತೆ ಹಿಡಿದರೆ ಇಂಜಿನ್ನು ಕೊಡಬೇಕಾದ್ದು 7000 ವಾಟು, ಒಂಬತ್ತು ಹಾರ್ಸ್‌ಪವರಿಗೂ ಮೇಲೆ. ಊರಲ್ಲಿ ತೋಟಕ್ಕೆ ನೀರು ಎತ್ತೋ ಬೋರ್‌ವೆಲ್ಲಿಗೆ ನಾವು ಏಳೂವರೆ ಎಚ್‌ಪಿ ಮೋಟಾರು ಇಳಿಸ್ತೀವಿ ಸ್ವಾಮೀ! ಬೆಲ್ಟು ಹಳೆಯದಾದರೆ ಕೀಂಯ್ ಅಂತ ಜಾರತ್ತೆ, ಅದನ್ನೂ ಬದಲಾಯಿಸಿದ್ವಿ.

ಕೆಪಾಸಿಟರ್ ಅಂತ ಒಂದು ಮಿರಿಮಿರಿ ಮಿನುಗುವ ಸಿಲಿಂಡರು ಮಾರ್ತಾರೆ, 1 ಫ್ಯಾರಡ್ಡಿನದು, ನೀಲಿ ಬಣ್ಣದ ಅಂಕಿ ತೋರಿಸೋದು. ದೀಪ ಮಿಟುಕೋದು ನಿಲ್ಲತ್ತೆ ಅಂತ ಹೇಳಿ ಹುಡುಗನಿಗೂ ಒಂದು ದಾಟಿಸಿದ್ದರು. ಲೆಕ್ಕ ಹಾಕಿದ್ರೆ, 14.4ರಿಂದ 12 ವೋಲ್ಟಿಗೆ ಇಳಿಯೋ ಹೊತ್ತಿಗೆ ಅದು ಕೊಡೋದು ಸುಮಾರು 32 ಜೌಲು. 2000 ವಾಟಿಗೆ ಅದು ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಸಾಕಾಗತ್ತೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಈಗ ನೂರಾರು ಫ್ಯಾರಡ್ಡಿನ ಸೂಪರ್ ಕೆಪಾಸಿಟರುಗಳು ಬಂದಿವೆ, ಲಿಥಿಯಂ ಟೈಟನೇಟ್ ಬ್ಯಾಟರಿಗಳು ಬಂದಿವೆ, ಅವುಗಳ ಮಾತು ಬೇರೆ. ನಾವು ಹಾಕಿದ್ದು ಸಾಧಾರಣ ಎಜಿಎಂ ಬ್ಯಾಟರಿ. ಅದರ ಒಳಗಿನ ತಡೆ ಕಮ್ಮಿ, ಥಟ್ಟನೆ ಕೇಳಿದಾಗ ಥಟ್ಟನೆ ಕೊಡತ್ತೆ. ಆದ್ರೆ ಬ್ಯಾಟರಿ ಕೊಡೋದೆಲ್ಲ ಸಾಲ, ಮತ್ತೆ ಆಲ್ಟರ್ನೇಟರೇ ತೀರಿಸಬೇಕು. ಆಲ್ಟರ್ನೇಟರ್ ಬದಲಾಯಿಸದೇ ಹಿಂದೆ ಎರಡು ಮೂರು ಬ್ಯಾಟರಿ ಪೇರಿಸೋರನ್ನ ನೋಡಿದ್ರೆ ಒಂದು ಕ್ರೆಡಿಟ್ ಕಾರ್ಡಿನ ಸಾಲ ತೀರಿಸೋಕೆ ಇನ್ನೊಂದು ಕಾರ್ಡು ತಗೊಳ್ಳೋರ ನೆನಪಾಗತ್ತೆ.

ವೋಲ್ಟೇಜು ಇಳಿದರೆ ಏನು ಮಹಾ, ದೀಪ ತಾನೇ ಅಂತ ಕೇಳಬಹುದು. ಇಂಥ ಆಂಪ್ಲಿಫೈಯರುಗಳಲ್ಲಿ ಬಹುಪಾಲಿನವು ವೋಲ್ಟೇಜ್ ಇಳಿದ ಹಾಗೆ ಪವರ್ ಕಳಕೊಳ್ಳತ್ವೆ. 14.4ಕ್ಕೆ 2000 ವಾಟು ಕೊಡೋದು 11.5ಕ್ಕೆ 1300ರ ಒಳಗೆ ಬರತ್ತೆ. ಹುಡುಗ ಏನ್ ಮಾಡ್ತಾನೆ? ವಾಲ್ಯೂಮ್ ಏರಿಸ್ತಾನೆ. ಅಲೆಯ ತಲೆ ಕತ್ತರಿಸಿ ಹೋಗತ್ತೆ, ಸ್ಪೀಕರಿನ ಕಾಯಿಲು ಕಾದು ಸುಟ್ಟ ವಾಸನೆ ಬರತ್ತೆ.

ಕಾನೂನಿನ ಮಾತೂ ಒಂದಿದೆ. ಫ್ಲೋರಿಡಾದಲ್ಲಿ 25 ಅಡಿ ದೂರಕ್ಕೆ ಕೇಳಿಸಿದರೆ ಟಿಕೆಟ್ ಅನ್ನೋ ಕಾನೂನಿತ್ತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನ ಹೊಡೆದು ಹಾಕಿತು. ವ್ಯಾಪಾರದ, ರಾಜಕೀಯದ ಗಾಡಿಗಳ ಮೈಕಿಗೆ ಒಂದು ನ್ಯಾಯ, ಹಾಡು ಕೇಳೋರಿಗೆ ಇನ್ನೊಂದು ನ್ಯಾಯ ಯಾಕೆ ಅನ್ನೋದು ವಾದ. 2022ರಲ್ಲಿ ಶಾಸನಸಭೆ ಮತ್ತೆ 25 ಅಡಿಯ ಕಾನೂನು ತಂದಿತು. ಕಿವಿಯ ಕಾನೂನು ಮಾತ್ರ ಕೋರ್ಟಿಗೆ ಹೋಗಲ್ಲ. ಇಲ್ಲಿನ ನಯಾಶ್ ಸಂಸ್ಥೆಯ ಮಿತಿ 85 ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆ, ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧ. 100ಕ್ಕೆ ಬಂದ್ರೆ ಬರೀ ಹದಿನೈದು ನಿಮಿಷ. ಇದನ್ನ ಹುಡುಗನಿಗೆ ಒಂದೇ ಸಲ ಹೇಳಿದೆ. ಮರುದಿನ ಅವನೇ ಡೆಸಿಬೆಲ್ ಮೀಟರಿನ ಬೆಲೆ ಕೇಳಿಕೊಂಡು ಮೆಸೇಜ್ ಕಳಿಸಿದ.

ಕೆಲಸ ಮುಗಿದ ಮೇಲೆ ಐಡಲ್‌ನಲ್ಲಿ, ಹೆಡ್‌ಲೈಟು ಏಸಿ ಎಲ್ಲಾ ಹಾಕಿ, ಬ್ಯಾಟರಿಯ ಹತ್ತಿರ 14.3. ಪೂರ್ತಿ ಧಂ ಧಂನಲ್ಲಿ ಆಂಪ್ಲಿಫೈಯರಿನ ತುದಿಯಲ್ಲಿ 13.2ಕ್ಕಿಂತ ಕೆಳಗೆ ಇಳಿಯಲಿಲ್ಲ. ದೀಪ ಮಿಟುಕೋದು ನಿಂತು ಹೋಯ್ತು. ಬ್ಯಾಟರಿಯಿಂದ ಒಂದು ಗೇಣು ದೂರಕ್ಕೆ 250 ಆಂಪಿನ ಫ್ಯೂಸು, ತಗಡಿನ ತೂತಿಗೆ ದಪ್ಪ ರಬ್ಬರ್ ಬಳೆ.

ಆಮೇಲೆ ಅಪ್ಪ ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂತು "ಇದರಲ್ಲಿ ನಮ್ಮ ಹಾಡು ಬರತ್ತೇನೋ?" ಅಂದ್ರು. ಹುಡುಗ ಫೋನಿನಲ್ಲಿ ಹುಡುಕಿ ರಾಜ್‌ಕುಮಾರರ ಅರವತ್ತರ ದಶಕದ ಒಂದು ಸಿನಿಮಾ ಹಾಡು ಹಾಕಿದ. ಆ ಕಾಲದ ರೆಕಾರ್ಡಿಂಗಿನಲ್ಲಿ ಅಷ್ಟು ತಗ್ಗಿನ ಸ್ವರ ಎಲ್ಲಿ ಬರಬೇಕು, ಸಬ್‌ವೂಫರುಗಳು ಸುಮ್ಮನೆ ಕೂತಿದ್ದವು. ವೋಲ್ಟ್ ಮೀಟರು 14.3ರಿಂದ ಅಲುಗಲಿಲ್ಲ. "ಇನ್ನೊಂಚೂರು ಜೋರು ಮಾಡೋ" ಅಂದ್ರು ಅಪ್ಪ.